ತೆಗೆದಿಟ್ಟ ಪಾಲು

ಕಟ್ಟೆಮಳಲವಾಡಿ
20-6-1971

ವಿಮಲ,

ಇದು ನಿನ್ನ ಅವ್ವ ಕೈಯಾರೆ ಬರೆಯುತ್ತಿರುವ ಕಾಗದ. ನಾಲ್ಕನೇ ಕ್ಲಾಸು ಪಾಸಾದವಳು ನಾನು, ಇನ್ನೊಬ್ಬರ ಕೈಲಿ ಯಾಕೆ ಬರೆಸಲಿ? ಅಕ್ಷರ ಸೊಟ್ಟಗಿದ್ದರೆ ನೋಡಿ ನಕ್ಕು ಸುಮ್ಮನಾಗು. ಮೇಷ್ಟ್ರಮ್ಮನಾದೆ ಎಂದು ಹೆತ್ತವಳ ಕಾಗದದ ಮೇಲೆ ಕೆಂಪು ಮಸಿ ಆಡಿಸಬೇಡ.

ಮೊನ್ನೆ ಹುಣಸೂರು ಸಂತೆಗೆ ಹೋಗಿದ್ದೆ. ವೀಳ್ಯದೆಲೆ ಮಾರುವವಳು ಮಗಳು ಹೇಗಿದ್ದಾಳೆ ಎಂದಳು. "ನನ್ ಮಗ್ಳು ಅನಗೋಡಿನ್ ಕಡೆ ಸ್ಕೂಲ್‌ನಲ್ಲಿ ಮೇಷ್ಟ್ರಮ್ಮ ಆಗವ್ಳೆ ಕಣವ್ವ, ಸರ್ಕಾರಿ ಕೆಲ್ಸ" ಎಂದೆ. ಅವಳಿಗೆ ಕೇಳಿಸಿದರೆ ಸಾಕಿತ್ತು. ನಾನು ಹೇಳಿದ ರೀತಿಗೆ ಪಕ್ಕದ ಬೆಲ್ಲದ ಅಂಗಡಿಯವನೂ ತಿರುಗಿ ನೋಡಿದ. ಅಳಿಯಂದಿರು ತೀರಿಹೋದಾಗ, ಇವಳು ಇನ್ನು ಮೂಲೆ ಹಿಡಿದಳು ಎಂದ ಜನ ಇದೇ ಊರಿನಲ್ಲಿದ್ದಾರೆ. ನೀನು ಎರಡು ವರ್ಷಕ್ಕೆ ಟ್ರೈನಿಂಗ್ ಮುಗಿಸಿ ಕೆಲಸ ಹಿಡಿದೆ. ನನಗೆ ಜಂಬ ಬಂದಿದೆ, ಬಂದಿಲ್ಲ ಎಂದು ಯಾಕೆ ಸುಳ್ಳು ಹೇಳಲಿ.

ನಿನ್ನ ಮಗಳು ಮಂಗಳ ಚೆನ್ನಾಗಿದ್ದಾಳೆ. ಮಗು ಏಳುವ ಮೊದಲೇ ಬಸ್ಸು ಹತ್ತಿಬಿಡು, ಇಲ್ಲವಾದರೆ ಅತ್ತು ರಂಪ ಮಾಡುತ್ತೆ ಎಂದು ನಾನು ಹೇಳಿದ್ದೆನಲ್ಲ. ರಂಪ ಏನೂ ಆಗಲಿಲ್ಲ. ಎದ್ದಳು, ನಡುಮನೆ ನೋಡಿದಳು, ಅಡುಗೆಮನೆ ನೋಡಿದಳು, ಹಿತ್ತಿಲಿಗೆ ಹೋಗಿ ಬಂದಳು. ಆಮೇಲೆ ಕೂತು ರೊಟ್ಟಿ ತಿಂದಳು. ಅಮ್ಮ ಎಲ್ಲಿ ಎಂದು ಕೇಳಲೇ ಇಲ್ಲ. ಕೇಳದೆ ಇದ್ದದ್ದು ನನಗೆ ಅಷ್ಟು ಸರಿ ಕಾಣಲಿಲ್ಲ. ನಾನೇ ಕರೆದು, "ನಮ್ಮ ಒಳೆ ನೀರು ನಿಮ್ಮಮ್ಮ ಇರೋ ಊರಿಂದ್ಲೇ ಬರೋದು ಕಣೆ" ಎಂದೆ. ಲಕ್ಷ್ಮಣತೀರ್ಥ ಹನಗೋಡು ದಾಟಿಕೊಂಡೇ ಅಲ್ಲವೇ ನಮ್ಮಲ್ಲಿಗೆ ಬರುವುದು. ಅವಳು ಎದ್ದು ಹೋಗಿ ಹೊಳೆಯ ಕಡೆ ನೋಡುತ್ತ ನಿಂತಳು.

ಒಬ್ಬಳೇ ಇದ್ದೀಯ ಎಂದು ಗಂಜಿ ಕುಡಿದು ಮಲಗಬೇಡ.

ನಿನ್ನ ಜಂಬದ ಅವ್ವ,
ಜಯಲಕ್ಷ್ಮಮ್ಮ


ಹನಗೋಡು
4-7-1971

ಅವ್ವ,

ನಿನ್ನ ಕಾಗದ ಓದಿ ಸುನಂದಮ್ಮನವರಿಗೂ ಓದಿ ಹೇಳಿದೆ. ನಾನು ಬಾಡಿಗೆಗಿರುವ ಕೋಣೆ ಅವರದೇ. ನಿಮ್ಮ ತಾಯಿಯನ್ನು ಒಂದು ಸಲ ನೋಡಬೇಕು ಎನ್ನುತ್ತಿದ್ದಾರೆ.

ಇಲ್ಲಿಂದ ಬೂದಿಕಟ್ಟೆ ಹಾಡಿಗೆ ಬೆಳಿಗ್ಗೆ ನಡೆದು ಹೋಗುತ್ತೇನೆ. ಕಾಡಿನ ಅಂಚು, ಗಿರಿಜನರ ಗುಡಿಸಲುಗಳು. ಒಂದೇ ಕೋಣೆಯ ಶಾಲೆ, ನಾನೊಬ್ಬಳೇ ಟೀಚರು. ಮಕ್ಕಳ ಅಪ್ಪ ಅಮ್ಮಂದಿರು ಕಾಡಿಗೋ ಕೂಲಿಗೋ ಹೋಗುತ್ತಾರೆ. ಮಕ್ಕಳು ಮಾತ್ರ ಬರುತ್ತವೆ, ಮಧ್ಯಾಹ್ನ ಗೋಧಿ ಉಪ್ಪಿಟ್ಟು ಕೊಡುತ್ತೇವಲ್ಲ ಅದಕ್ಕೂ ಇರಬಹುದು. ಸಿದ್ದ, ಸಣ್ಣ, ನಿಂಗಿ, ಕೆಂಚಿ ಎಂದು ಹೆಸರುಗಳು. ಎಷ್ಟು ಚುರುಕು ಗೊತ್ತಾ? ಹಕ್ಕಿಯ ಕೂಗು ಕೇಳಿ ಅದು ಯಾವ ಮರದಲ್ಲಿದೆ ಎನ್ನುತ್ತಾರೆ, ಅ ಆ ಇ ಈ ಹೇಳು ಎಂದರೆ ನನ್ನ ಮುಖ ನೋಡಿ ನಗುತ್ತಾರೆ.

ನಿನ್ನೆ ಒಂದು ತಂಟೆ ಆಯಿತು. ಕೆಂಚಿಗೂ ಸಣ್ಣನಿಗೂ ಬಳಪಕ್ಕೆ ಜಗಳ. ಬಳಪ ಸಣ್ಣನ ಕೈಗೆ ಹೋಯಿತು. ಕೆಂಚಿ ಎದ್ದವಳೇ, ನಾನು ಪಾಠ ಹೇಳುತ್ತಿರುವಾಗಲೇ, ಹೊರಗೆ ನಡೆದು ನೇರಳೆ ಮರದ ಕೆಳಗೆ ಕೂತುಬಿಟ್ಟಳು. ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಕರೆದುಕೊಂಡು ಬಾ ಎಂದು ನಿಂಗಿಗೆ ಹೇಳಿದರೆ ನಿಂಗಿ ಕೂತಲ್ಲಿಂದ ಕದಲಲಿಲ್ಲ. ಸಿದ್ದನೂ ಅಷ್ಟೇ. ಕೊನೆಗೆ ನಾನೇ ಹೋಗಿ ಕೈ ಹಿಡಿದು ಎಳೆದುಕೊಂಡು ಬಂದು, ಎಲ್ಲರ ಮುಂದೆ ಕಿವಿ ಹಿಡಿಸಿ "ತಪ್ಪಾಯ್ತು" ಅನ್ನಿಸಿದೆ. ಟ್ರೈನಿಂಗಿನಲ್ಲಿ ಕಲಿಸಿದ್ದೂ ಅದೇ, ನೀನು ನನಗೆ ಮಾಡಿದ್ದೂ ಅದೇ. ಮೊದಲು ಶಿಸ್ತು, ಆಮೇಲೆ ಅಕ್ಷರ.

ಮಂಗಳ ಏನಾದರೂ ಕೇಳಿದಳಾ? ಅದನ್ನು ಬರೆ.

ವಿಮಲ


ಕಟ್ಟೆಮಳಲವಾಡಿ
18-7-1971

ವಿಮಲ,

ಕೇಳುವುದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಾಡುತ್ತಿದ್ದಾಳೆ. ಸ್ಲೇಟು ಒಡೆಯುವ ಚಾಳಿ ಹಿಡಿದಿದೆ. ತನ್ನದಲ್ಲ, ಬೇರೆ ಮಕ್ಕಳದು. ಮೊದಲು ಚಿಕ್ಕಬಸಪ್ಪನ ಮಗಳದು, ಆಮೇಲೆ ಅವಳ ಪಕ್ಕದವಳದು. ನಿಮ್ಮಣ್ಣನ ಮಗ ಬಾಬುವಿನ ಕೈ ಕಚ್ಚಿ ಹಲ್ಲಿನ ಗುರುತು ಮೂಡಿಸಿದ್ದಾಳೆ. ಯಾಕೆ ಎಂದರೆ ಬಾಯಿಗೆ ಬೀಗ. ಲಿಂಗಣ್ಣ ಮೇಷ್ಟ್ರು ಒಳ್ಳೆಯವರು, ಬೆತ್ತ ಎತ್ತಲಿಲ್ಲ. ಮನೆಗೆ ಬಂದು, "ನೋಡಿ ಜಯಲಕ್ಷ್ಮಮ್ಮನೋರೆ, ಮಗು ಮನಸ್ಸು ಸರಿಯಾಗೋಗಂಟ ಮನೇಲೇ ಇರ್ಲಿ. ಮಿಕ್ಕ ಮಕ್ಕಳ ತಂದೆತಾಯೀರ್ಗೂ ನಾನು ಉತ್ರ ಹೇಳ್ಬೇಕಲ್ವ" ಎಂದರು. ದಸರಾವರೆಗೆ ಸ್ಕೂಲಿನಲ್ಲೇ ಇಟ್ಟುಕೊಂಡು ನೋಡಿ ಸ್ವಾಮಿ ಎಂದು ನಾನು ಕೈ ಮುಗಿದೆ, ಒಪ್ಪಿದರು.

ಅವರು ಹೋದದ್ದೇ ತಡ, ನಿಮ್ಮಣ್ಣ ಪುಟ್ಟಸ್ವಾಮಿ ಶುರು ಮಾಡಿದ. "ಊರ್ಗೆ ಉಪ್ಕಾರಿ ಮನೇಗೆ ಮಾರಿ ಅಂದಂಗಾಯ್ತು. ಯಾರೋ ಮಕ್ಕಳ್ನ ತಿದ್ದಕ್ಕೆ ಓಗವ್ಳೆ, ಅವ್ಳ ಮಗೂನೇ ಕೆಟ್ಟೋಯ್ತಾ ಅದೆ. ದಸ್ರಕ್ಕೆ ಬಂದಾಗ ರಾಜೀನಾಮೆ ಬರ್ಕೊಡ್ಲಿ. ನಾನೇನು ಅವ್ಳಿಗೆ ಅನ್ನ ಆಕಲ್ವ?" ಎಂದ. ಅವನು ಕೆಟ್ಟವನಲ್ಲ, ನಿನಗೂ ಗೊತ್ತು. ಹೊಗೆಸೊಪ್ಪು ಬೇಯಿಸುವ ಕಾಲ ಬೇರೆ, ಬ್ಯಾರನ್ನಿನ ಒಲೆಯ ಮುಂದೆ ನಿದ್ದೆಗೆಟ್ಟು ಕೂತವನ ಬಾಯಲ್ಲಿ ಒಳ್ಳೆ ಮಾತು ಬರುವುದಿಲ್ಲ. ಆದರೆ ಮನೆಯ ಯಜಮಾನ ಅವನು. ದಸರಾಕ್ಕೆ ಮಗು ಸರಿಹೋಗಿರದಿದ್ದರೆ ಅವನ ಮಾತೇ ನಡೆಯುತ್ತದೆ, ನನ್ನದು ನಡೆಯುವುದಿಲ್ಲ.

ನೀನು ಕೆಲಸ ಬಿಡಬಾರದು. ಇದನ್ನು ಎರಡು ಸಲ ಓದಿಕೋ. ಮಗುವನ್ನು ಹೇಗೆ ತಿದ್ದುವುದು ಹೇಳು. ನೀನು ಮೇಷ್ಟ್ರಮ್ಮ ಅಲ್ಲವೇ, ನನಗೂ ಒಂದಿಷ್ಟು ಟ್ರೈನಿಂಗ್ ಕೊಡು.

ನಿನ್ನ ಅವ್ವ


ಹನಗೋಡು
8-8-1971

ಅವ್ವ,

ಟ್ರೈನಿಂಗ್ ಕೊಡು ಎಂದಿದ್ದೀಯ. ನನ್ನ ಟ್ರೈನಿಂಗ್ ಏನಾಯಿತು ಕೇಳು.

ಕೆಂಚಿಯ ಕಿವಿ ಹಿಡಿಸಿದ ವಿಷಯ ಬರೆದಿದ್ದೆನಲ್ಲ. ಆ ಕಾಗದ ಬರೆದ ಮಾರನೇ ದಿನ ಹೋದರೆ ಶಾಲೆಯಲ್ಲಿ ಒಂದು ಮಗುವಿಲ್ಲ. ಅದರ ಮಾರನೇ ದಿನವೂ ಇಲ್ಲ. ಹಾಡಿಯವರು ಸಿಟ್ಟಾಗಿದ್ದಾರೆ, ಕೆಲಸ ಹೋಯಿತು ಎಂದೇ ಹೆದರಿಕೊಂಡು ಗುಡಿಸಲುಗಳ ಕಡೆಗೆ ಹೋದೆ. ಯಾರೂ ಸಿಟ್ಟಾಗಿರಲಿಲ್ಲ. ಕೂರಲು ಚಾಪೆ ಹಾಕಿದರು. ಮಕ್ಕಳೆಲ್ಲ ಕೆಂಚಿಯ ಗುಡಿಸಲ ಮುಂದೆ ಗೋಲಿ ಆಡುತ್ತಿದ್ದವು. ಸ್ಕೂಲಿಗೆ ಯಾಕೆ ಬರಲಿಲ್ಲ ಎಂದರೆ ಸಣ್ಣ, ಅದೇ ಬಳಪ ಕಿತ್ತುಕೊಂಡ ಸಣ್ಣ, "ಕೆಂಚಿ ಸಿಟ್ಟು ಇನ್ನೂ ಮುಗಿದಿಲ್ಲ ಟೀಚ್ರಮ್ಮ" ಎಂದ. ಅವಳ ಸಿಟ್ಟು ಮುಗಿಯದೆ ಉಳಿದವರು ಪಾಠಕ್ಕೆ ಬರುವುದು ಹೇಗೆ ಎನ್ನುವ ಹಾಗೆ ನನ್ನನ್ನು ನೋಡಿದ. ಕೆಂಚಿಯ ಅಜ್ಜಿ ಚಿಕ್ಕಮಾದಿ ಬಾಯಿಗೆ ಸೆರಗು ಹಿಡಿದು ನಕ್ಕಳು. ನನಗೆ ನಾಚಿಕೆಯಾಯಿತು.

ಎರಡು ದಿನದ ಮೇಲೆ ಎಲ್ಲ ಬಂದವು. ಅಂದಿನಿಂದ ನಾನು ಸುಮ್ಮನೆ ನೋಡುತ್ತಿದ್ದೇನೆ. ಈ ಮಕ್ಕಳಲ್ಲಿ ಯಾರಿಗಾದರೂ ಸಿಟ್ಟು ಬಂದರೆ ಎದ್ದು ಹೋಗಿ ನೇರಳೆ ಮರದ ಕೆಳಗೆ ಕೂರುತ್ತಾರೆ. ಯಾರೂ ಕರೆಯುವುದಿಲ್ಲ, ಯಾಕೆ ಎಂದು ಕೇಳುವುದಿಲ್ಲ, ಅಣಕಿಸುವುದಿಲ್ಲ. ಆದರೆ ಉಪ್ಪಿಟ್ಟು ಹಂಚುವಾಗ ಒಬ್ಬರು ಮುತ್ತುಗದ ಎಲೆಯಲ್ಲಿ ಆ ಮಗುವಿನ ಪಾಲು ತೆಗೆದು, ಎಲೆ ಮಡಿಸಿ, ಶಾಲೆಯೊಳಗೆ ಆ ಮಗು ಕೂರುವ ಜಾಗದಲ್ಲಿ ಇಟ್ಟುಬಿಡುತ್ತಾರೆ. ಹಸಿದ ಮಕ್ಕಳು ಅವ್ವ, ಆದರೂ ಮಡಿಸಿದ ಎಲೆಯನ್ನು ಯಾರೂ ಮುಟ್ಟುವುದಿಲ್ಲ. ಸಿಟ್ಟು ಇಳಿದಾಗ ಮಗು ತಾನಾಗಿ ಬಂದು ಎಲೆ ಬಿಚ್ಚಿ ತಿನ್ನುತ್ತದೆ. ಅಷ್ಟೇ. ಜಗಳ ಮುಗಿಯಿತು.

ಇದಕ್ಕೆ ನಾನೂ ಒಂದು ಸೇರಿಸಿದ್ದೇನೆ. ತಿಂದು ಮುಗಿಸಿದ ಮೇಲೆ ಪಕ್ಕದಲ್ಲಿ ಕೂತು, "ಆಗ ಒಳಗೆ ಏನಾಗ್ತಿತ್ತು?" ಎಂದು ಕೇಳುತ್ತೇನೆ. ಮೊದಲೆಲ್ಲ ನಗುತ್ತಿದ್ದರು. ಮೊನ್ನೆ ಕೆಂಚಿ, "ಬಳ್ಪ ಬೇಕಿರ್ಲಿಲ್ಲ ಟೀಚ್ರಮ್ಮ, ನೀವು ಸಣ್ಣನ ಅಕ್ಸರ ನೋಡುದ್ರಿ, ನಂದು ನೋಡ್ಲಿಲ್ಲ" ಎಂದಳು. ಒಂದು ತಿಂಗಳ ಹಿಂದಿನ ಮಾತು. ಅಷ್ಟು ದಿನ ಒಳಗೆ ಇಟ್ಟುಕೊಂಡಿದ್ದಳು. ಅವಳ ಸ್ಲೇಟು ತರಿಸಿ ಪ್ರತಿ ಅಕ್ಷರ ನೋಡಿದೆ. ನನ್ನ ಮಕ್ಕಳ ಬಗ್ಗೆ ನನಗೆ ಎಷ್ಟು ಹೆಮ್ಮೆ ಎಂದರೆ, ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುವ ನಿನ್ನ ಚಾಳಿ ನನಗೂ ಬಂದಿದೆ.

ಮಂಗಳಳಿಗೆ ಸಿಟ್ಟು ಬಂದರೆ ಎಳೆಯಬೇಡಿ, ಬೈಯಬೇಡಿ. ಅವಳ ಪಾಡಿಗೆ ಬಿಡಿ. ಪಾಲು ತೆಗೆದಿಡಿ.

ವಿಮಲ


ಕಟ್ಟೆಮಳಲವಾಡಿ
26-8-1971

ವಿಮಲ,

ಮೊದಲೇ ಹೇಳಿಬಿಡುತ್ತೇನೆ, ಮಗು ಕ್ಷೇಮ. ನನ್ನ ಪಕ್ಕದಲ್ಲೇ ಮಲಗಿದ್ದಾಳೆ. ಇನ್ನು ಧೈರ್ಯವಾಗಿ ಮುಂದಕ್ಕೆ ಓದು.

ನಿನ್ನ ಕಾಗದವನ್ನು ಜಗಲಿಯ ಮೇಲೆ ಕೂತು ಎಲ್ಲರಿಗೂ ಕೇಳುವ ಹಾಗೆ ಓದಿದೆ. ಪುಟ್ಟಸ್ವಾಮಿ ಪೂರ್ತಿ ಕೇಳಿ, "ಇಷ್ಟೇ ತಾನೆ? ಸುಲಭ" ಎಂದ. ಗೌರಿ ಹಬ್ಬದ ಹಿಂದಿನ ದಿನ ಬಾಬು, "ನಿಮ್ಮಮ್ಮ ಅಬ್ಬಕ್ಕೂ ಬರಲ್ವಂತೆ" ಎಂದನಂತೆ. ಮಂಗಳ ಕಡುಬಿನ ಹಿಟ್ಟಿನ ಪಾತ್ರೆಯನ್ನೇ ಮಗುಚಿ ಕೊಟ್ಟಿಗೆಗೆ ಹೋಗಿ ಕೂತಳು. ಸರಿ, ನಿಮ್ಮಣ್ಣ ಮನೆಯವರಿಗೆಲ್ಲ, ಬ್ಯಾರನ್ನಿನ ಆಳುಗಳಿಗೂ, "ಮಂಗಳನ್ನ ಯಾರೂ ಮಾತಾಡಿಸ್‌ಕೂಡ್ದು, ಮೇಷ್ಟ್ರಮ್ಮನ ಆರ್ಡ್ರು" ಎಂದ. ನಾವೆಲ್ಲ ನಿನ್ನ ಮಾತು ಎಂದು ಚಾಚೂ ತಪ್ಪದೆ ಮಾಡಿದೆವು. ಆ ಸಂಜೆ ಯಾರೂ ಮಾತಾಡಿಸಲಿಲ್ಲ. ತಾನೇ ಊಟಕ್ಕೆ ಬಂದಳು, ನಿಮ್ಮತ್ತಿಗೆ ಮುಖ ನೋಡದೆ ಬಡಿಸಿದಳು. ಪಾಲು ತೆಗೆದಿಡಿ ಎಂದು ನೀನು ಬರೆದಿದ್ದೆ. ಮನೆ ತುಂಬ ಅನ್ನ ಇರುವಾಗ ಪಾಲು ಏನು ಬಂತು, ಬಂದು ಬಡಿಸಿಕೊಳ್ಳಲಿ ಎಂದು ನಾನು ಅದನ್ನು ಬಿಟ್ಟೆ.

ಹಬ್ಬದ ಬೆಳಿಗ್ಗೆ ನೋಡಿದರೆ ಮಗು ಇಲ್ಲ, ಅವಳ ಬಟ್ಟೆಯ ಚೀಲವೂ ಇಲ್ಲ. ಪುಟ್ಟಸ್ವಾಮಿ ಬಸ್‌ಸ್ಟಾಂಡಿಗೆ ಓಡಿದ. ನನಗೆ ಹೊಳೆಯ ಮಾತು ನೆನಪಾಯಿತು. ಏರಿಯ ಮೇಲೆ, ನೀರು ಬರುವ ದಿಕ್ಕಿಗೆ ಎದುರಾಗಿ ನಡೆದೆ. ಗದ್ದೆಗೆ ನೀರು ಬಿಡುವ ನೀರುಗಂಟಿ ಚೆಲುವಯ್ಯ ಎದುರಿಗೆ ಬಂದು, "ಅವ್ವಾರೇ, ಮುಂದ್ಕೆ ತೂಬಿನ್ ತಾವ ಕುಂತವ್ಳೆ. ಅನಗೋಡು ಇನ್ನೆಷ್ಟು ದೂರ ಅಂತ ಕೇಳುದ್ಲು, ಸುಸ್ತಾಗದೆ ಮಗ, ವಸಿ ಕೂತ್ಕೊ ಅಂದಿವ್ನಿ" ಎಂದ. ಎಷ್ಟು ದೂರ ನಡೆದಿದ್ದಳು ನಿನ್ನ ಮಗಳು! ಗಾಬರಿಯ ನಡುವೆಯೂ ಒಂದು ಕಡೆ, ಗಟ್ಟಿಗಿತ್ತಿ ಕಣೆ ನೀನು, ಎಂದುಕೊಂಡೆ.

ಕಂಡದ್ದೇ ಹೋಗಿ ರಟ್ಟೆ ಹಿಡಿಯಬೇಕು, ಬೆನ್ನಿಗೆರಡು ಕೊಟ್ಟು ಆಮೇಲೆ ತಬ್ಬಿಕೊಳ್ಳಬೇಕು ಎಂದೇ ಕೈ ಹೋಯಿತು. ನಿನ್ನ ಕೆಂಚಿ ನೆನಪಾದಳು. ಕೈ ಕಟ್ಟಿಕೊಂಡೆ. ನಾಲ್ಕು ಮಾರು ಈಚೆಗೆ ಕಲ್ಲಿನ ಮೇಲೆ ಕೂತೆ. ಹೊರಡುವಾಗ ಸೆರಗಿನ ತುದಿಗೆ ಒಂದು ಕಡುಬು ಕಟ್ಟಿಕೊಂಡಿದ್ದೆ. ಅದನ್ನು ಮುರಿದು ಅರ್ಧ ನಾನು ಬಾಯಿಗೆ ಹಾಕಿಕೊಂಡು, ಅರ್ಧವನ್ನು ಅರಳಿ ಎಲೆಯಲ್ಲಿ ಮಡಿಸಿ ನಡುವೆ ಇಟ್ಟು, ಅತ್ತ ತಿರುಗಿ ನೀರು ನೋಡುತ್ತಾ ಕೂತೆ. ನಾನು, ಬಾಯಿ ಮುಚ್ಚಿಕೊಂಡು! ಊರಿನವರು ಕಂಡಿದ್ದರೆ ನಂಬುತ್ತಿರಲಿಲ್ಲ. ಬಿಸಿಲು ಏರಿತು. ಎಲೆ ಬಿಚ್ಚಿದ ಸದ್ದು ಕೇಳಿಸಿದಾಗಲೂ ನಾನು ತಿರುಗಲಿಲ್ಲ.

ತಿಂದು ಮುಗಿಸಿ ಪಕ್ಕಕ್ಕೆ ಬಂದು ಕೂತಳು. ನೀನು ಹೇಳಿದ ಹಾಗೇ ಕೇಳಿದೆ, ಒಳಗೆ ಏನಾಗ್ತಿತ್ತವ್ವ ಎಂದು. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ. "ಅಪ್ಪನೂ ಏಳ್ದೆ ಓಗ್ಬುಟ್ರು, ಬರ್ಲಿಲ್ಲ. ಅಮ್ಮನೂ ಏಳ್ದೆ ಓಗ್ಬುಟ್ಲು. ಈಗ ನೀವೂ ಮಾತು ಬುಟ್ರಿ. ಆಚೆ ಬೀದಿಯೋರ್ಗೆ ಮಾಡಿದ್ರಲ್ಲ, ಅಂಗೆ. ನನ್ನೂ ಮನೆಯಿಂದ ಆಚೆಗಾಕಿದ್ರಿ ಅಂತ ನಾನೇ ಒಂಟ್ಬುಟ್ಟೆ."

ಹೋದ ವರ್ಷ ಆಚೆ ಬೀದಿಯ ಒಂದು ಮನೆಗೆ ಊರವರು ಬಹಿಷ್ಕಾರ ಹಾಕಿ, ಬೆಂಕಿ ನೀರು ಮಾತು ನಿಲ್ಲಿಸಿದ್ದನ್ನು ಮಗು ಕಂಡಿತ್ತು. ನಿನ್ನ ಹಾಡಿಯಲ್ಲಿ ಸುಮ್ಮನಿದ್ದರೆ ಅದು ಬೇರೆ. ನಮ್ಮ ಊರಿನಲ್ಲಿ ಸುಮ್ಮನಿರುವುದು ಎಂದರೆ ಶಿಕ್ಷೆ. ನಾವು ಮೌನವನ್ನು ಎತ್ತಿಕೊಂಡೆವು, ಪಾಲನ್ನು ಬಿಟ್ಟೆವು.

ಅಳಿಯಂದಿರು ತೀರಿಕೊಂಡಾಗ, ಅಪ್ಪ ಊರಿಗೆ ಹೋಗಿದ್ದಾರೆ ಎಂದು ನಾವೆಲ್ಲ ಮಗುವಿಗೆ ಹೇಳಿದೆವು. ಇವತ್ತಿಗೂ ಅದನ್ನು ಬದಲಿಸಿಲ್ಲ. ಈಗ ಏನು ಮಾಡುವುದು ಎಂದು ನೀನು ಹೇಳಬೇಕು. ಇದು ನನ್ನ ಕೈ ಮೀರಿದ್ದು.

ನಿನ್ನ ಅವ್ವ


ಹನಗೋಡು
31-8-1971

ಅವ್ವ,

ಓದಿದ ತಕ್ಷಣ ರಜ ಹಾಕಿ ಬಂದುಬಿಡೋಣ ಎಂದುಕೊಂಡೆ. ರಾಜೀನಾಮೆಯನ್ನೂ ಮನಸ್ಸಿನಲ್ಲೇ ಬರೆದೆ. ಆಮೇಲೆ ಯೋಚನೆ ಮಾಡಿದೆ. ಈಗ ಓಡಿ ಬಂದರೆ, ನಾನು ಬರಬೇಕಾದರೆ ಮನೆ ಬಿಟ್ಟು ಹೊರಡಬೇಕು ಎಂದು ಮಗು ಕಲಿಯುತ್ತಾಳೆ. ದಸರಾ ರಜಕ್ಕೆ ಬರುತ್ತೇನೆ ಎಂದು ಹೇಳಿ, ಹೇಳಿದಂತೆಯೇ ಬರಬೇಕು. ಅದೊಂದೇ ಅವಳಿಗೆ ಬೇಕಾದದ್ದು.

ನೀನು ಹೊಳೆಯ ದಡದಲ್ಲಿ ಬೆನ್ನು ತಿರುಗಿಸಿ ಕೂತಿದ್ದನ್ನು ನಮ್ಮ ಶಾಲೆಯ ಮಕ್ಕಳಿಗೆ ಹೇಳಿದೆ. ಕೆಂಚಿ, "ನಿಮ್ಮವ್ವ ನಮ್ಮ ಹಾಡಿಯೋರಾ, ಟೀಚ್ರಮ್ಮ?" ಎಂದಳು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನಿನಗೆ ಯಾರೂ ಕೊಡುವುದಿಲ್ಲ.

ಕೆಳಗಿನದು ಮಂಗಳಳಿಗೆ. ಬದಲಿಸದೆ ಓದಿ ಹೇಳು. ಅಳು ಬಂದರೂ ನಿಲ್ಲಿಸಬೇಡ.

ಮಂಗಳ,

ಅಪ್ಪ ಊರಿಗೆ ಹೋಗಿಲ್ಲ. ಅಪ್ಪನಿಗೆ ಜ್ವರ ಬಂದು ತೀರಿಕೊಂಡರು. ಅವರು ಇನ್ನು ಬರುವುದಿಲ್ಲ. ನಿನ್ನ ಮೇಲೆ ಸಿಟ್ಟಾಗಿ ಹೋದದ್ದಲ್ಲ. ಹೋಗಲು ಅವರಿಗೆ ಇಷ್ಟವಿರಲಿಲ್ಲ. ಇದನ್ನು ನಿನಗೆ ಹೇಳಲು ನಮಗೆಲ್ಲ ಹೆದರಿಕೆಯಾಗಿತ್ತು. ನಾನು ಹೋಗಿರುವುದು ಪಾಠ ಹೇಳಲು. ನೀನು ಮಲಗಿದ್ದಾಗ ಹೇಳದೆ ಹೊರಟೆ, ಇನ್ನು ಯಾವತ್ತೂ ಹಾಗೆ ಮಾಡುವುದಿಲ್ಲ. ಮಹಾಲಯ ಅಮಾವಾಸ್ಯೆ ಕಳೆದ ಎರಡು ದಿನಕ್ಕೆ, ಸಂಜೆ ಬಸ್ಸಿಗೆ ಬರುತ್ತೇನೆ. ನಿನಗೆ ಸಿಟ್ಟಿದ್ದರೆ ಇಟ್ಟುಕೊಂಡಿರು. ಬಂದಾಗ ನನಗೇ ಹೇಳು.

ಅಮ್ಮ


ಕಟ್ಟೆಮಳಲವಾಡಿ
20-9-1971

ವಿಮಲ,

ನೀನು ಬರುವುದು ನಾಳೆ. ಈ ಕಾಗದ ಹನಗೋಡು ಸೇರುವ ಹೊತ್ತಿಗೆ ನೀನು ಇಲ್ಲೇ ಇರುತ್ತೀಯ. ಆದರೂ ಬರೆಯುತ್ತೇನೆ, ಎದುರಿಗೆ ಕೂತು ಹೇಳಲು ನನಗೆ ಆಗುವುದಿಲ್ಲ. ವಾಪಸ್ಸು ಹೋದ ಮೇಲೆ ಓದಿಕೋ.

ನಿನ್ನ ಮಾತನ್ನು ಓದಿದೆ. ಎರಡು ಕಡೆ ನಿಲ್ಲಿಸಿದೆ, ಅವಳೇ ಕಾಗದ ಕಿತ್ತುಕೊಂಡು ಮಿಕ್ಕದ್ದನ್ನು ತಾನು ಓದಿದಳು. ಮೂರನೇ ಕ್ಲಾಸಿನ ಹುಡುಗಿ, ಒಂದು ಒತ್ತಕ್ಷರಕ್ಕೂ ತಡವರಿಸಲಿಲ್ಲ. ಓದಿ ಮುಗಿಸಿ, ಅಳಬೇಕಾದಷ್ಟು ಅತ್ತಳು. ನಾನೂ ಅತ್ತೆ. ಪುಟ್ಟಸ್ವಾಮಿ ಎದ್ದು ಬ್ಯಾರನ್ನಿಗೆ ಹೋದ, ಅಲ್ಲಿ ಅತ್ತನೋ ಏನೋ.

ನಿನ್ನೆ ಅಮಾವಾಸ್ಯೆ. ಹಿಂದೆ ಎರಡು ವರ್ಷವೂ ಹಿರಿಯರಿಗೆ ಎಡೆ ಇಡುವಾಗ ಮಗುವನ್ನು ಬೇರೆ ಮನೆಗೆ ಕಳಿಸುತ್ತಿದ್ದೆವು. ಈ ಸಲ ಕೂರಿಸಿಕೊಂಡೆ. ಎಲೆಯಲ್ಲಿ ವಡೆ ಪಾಯಸ ಬಡಿಸುತ್ತಿದ್ದರೆ, "ಅಜ್ಜಿ, ಇದು ಅಪ್ಪನ ಪಾಲಾ?" ಎಂದಳು. "ಪಾಲು ಬರೋರ್ಗೆ ಕಣವ್ವ. ಬರ್ದೆ ಇರೋರ್ಗೆ ಇಡೋದು ಎಡೆ" ಎಂದೆ. ಅವಳು ತನ್ನ ಎಲೆಯಿಂದ ಒಂದು ವಡೆ ತೆಗೆದು ಅಪ್ಪನ ಎಲೆಗೆ ಹಾಕಿದಳು.

ಸ್ಕೂಲಿನ ಸಮಾಚಾರ ಕೇಳು. ಚಿಕ್ಕಬಸಪ್ಪನ ಮಗಳು, ಅದೇ ಸ್ಲೇಟು ಒಡೆಸಿಕೊಂಡವಳು, ಮೊನ್ನೆ ಯಾರ ಮೇಲೋ ಕೋಪ ಮಾಡಿಕೊಂಡು ಬಾವಿಕಟ್ಟೆಯ ಹತ್ತಿರ ಹೋಗಿ ಕೂತಳಂತೆ. ಮಂಗಳ ಅವಳ ಉಪ್ಪಿಟ್ಟನ್ನು ಎಲೆಯಲ್ಲಿ ಮಡಿಸಿ ಕಾದು ಕೂತಳಂತೆ. ಗಂಡುಹುಡುಗನೊಬ್ಬ ಅದಕ್ಕೆ ಕೈ ಹಾಕಿದಾಗ, "ಮುಟ್ಬೇಡ ಕಣ್ಲಾ, ಅವ್ಳು ಬತ್ತಾಳೆ" ಎಂದಳಂತೆ, ಕಚ್ಚಲಿಲ್ಲ. ಲಿಂಗಣ್ಣ ಮೇಷ್ಟ್ರು ಇದನ್ನು ಹೇಳಲೆಂದೇ ಮನೆಗೆ ಬಂದಿದ್ದರು. "ಇದ ಯಾರ್ ಏಳ್ಕೊಟ್ರು ಮಗೀಗೆ?" ಎಂದರು. ಬೂದಿಕಟ್ಟೆ ಹಾಡಿಯ ಕೆಂಚಿ ಎಂಬ ಮೇಷ್ಟ್ರಮ್ಮ ಎಂದೆ. ಅವರು ತಲೆ ಕೆರೆದುಕೊಂಡು ಹೋದರು.

ನಿಮ್ಮಣ್ಣನ ಕತೆ ಇನ್ನೂ ಚೆನ್ನಾಗಿದೆ. ಹೊಗೆಸೊಪ್ಪಿನ ರೇಟು ಕೇಳಿ ಮುನಿಸಿಕೊಂಡು ಊಟ ಬೇಡ ಎಂದು ಬ್ಯಾರನ್ನಿನಲ್ಲೇ ಕೂತ. ಮಂಗಳ ಒಂದು ಮುದ್ದೆ, ಬಟ್ಟಲಲ್ಲಿ ಸಾರು ತೆಗೆದುಕೊಂಡು ಹೋಗಿ ಬಾಗಿಲಲ್ಲಿಟ್ಟು, ತಿರುಗಿ ನೋಡದೆ ಬಂದಳು. ಖಾಲಿ ಬಟ್ಟಲು ತಂದವನು, "ರಾಜೀನಾಮೆ ಗೀಜಿನಾಮೆ ಏನೂ ಬೇಡ, ಓಗ್ಲಿ ಬುಡು" ಎಂದು ಕೈ ತೊಳೆದ. ಅಷ್ಟೇ ಅಂದದ್ದು. ಆದರೆ ರಜ ಮುಗಿದು ನೀನು ಮತ್ತೆ ಹೊರಡುವ ದಿನ ಮಗು ಏನು ಮಾಡುತ್ತಾಳೋ, ಅದು ಮಾತ್ರ ನನಗೆ ಹೆದರಿಕೆ. ಅದನ್ನು ದಾಟಿದರೆ ಗೆದ್ದೆವು.

ನಿನ್ನ ಅವ್ವ


ಹನಗೋಡು
13-10-1971

ಅವ್ವ,

ನೀನು ಬರೆದು ಕಳಿಸಿದ್ದ ಕಾಗದ ಕೋಣೆಯಲ್ಲಿ ಕಾಯುತ್ತಿತ್ತು. ಎಡೆಯ ಮಾತು ಓದಿ ದೀಪ ಹಚ್ಚುವುದನ್ನೂ ಮರೆತು ಕೂತಿದ್ದೆ.

ಹೊರಟ ದಿನ ನೀನು ಒಳಗೂ ಹೊರಗೂ ಓಡಾಡುತ್ತಿದ್ದೆ, ಪೂರ್ತಿ ನೋಡಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಹಿಂದಿನ ದಿನವೇ ಹೇಳಿದ್ದೆ, ನಾಳೆ ಬೆಳಗಿನ ಬಸ್ಸು ಎಂದು. ಸರಿ ಎಂದಳು. ಬೆಳಿಗ್ಗೆ ಚೀಲ ಎತ್ತಿಕೊಂಡದ್ದೇ ಮುಖ ಕೆಂಪಾಗಿ ಹುಲ್ಲಿನ ಮೆದೆಯ ಹಿಂದೆ ಹೋದಳು. ಹಿಂದಿನ ದಿನ ನೀನು ಮಾಡಿದ್ದ ಒಬ್ಬಟ್ಟು ಉಳಿದಿತ್ತಲ್ಲ, ಅರ್ಧ ಮುರಿದು ಎಲೆಯಲ್ಲಿ ಮಡಿಸಿ ಜಗಲಿಯ ಮೇಲಿಟ್ಟು ಪಕ್ಕದಲ್ಲಿ ಕೂತೆ. ಬಸ್ಸು ಹಾರನ್ ಹೊಡೆಯಿತು. ಅಣ್ಣ, "ಬಸ್ಸು ಓಯ್ತದೆ ಕಣೆ, ಕರ್ಕೊಂಬರ್ಲಾ?" ಎಂದ. ಬೇಡ ಎಂದೆ. ಬಸ್ಸು ಹೋಯಿತು. ಮಾರನೇ ದಿನ ಶಾಲೆ ತೆರೆಯಬೇಕು, ಹುಣಸೂರಿನಲ್ಲಿ ಹನಗೋಡಿನ ಬಸ್ಸು ತಪ್ಪಿದರೆ ಗತಿಯಿಲ್ಲ. ಆದರೂ ಏಳಲಿಲ್ಲ. ಅವಳನ್ನು ಕರೆದಿದ್ದರೆ ಬರುತ್ತಿದ್ದಳೋ ಏನೋ. ಅವಳಾಗಿ ಬರಬೇಕಿತ್ತು.

ಬಂದಳು. ಕೂದಲೆಲ್ಲ ಹುಲ್ಲು. ಒಬ್ಬಟ್ಟು ತಿಂದಳು. ನಾನು ಕೇಳುವ ಮೊದಲೇ, "ನಂಗೆ ಸಿಟ್ಟಲ್ಲ ಅಮ್ಮ, ಭಯ" ಎಂದಳು. ಇಷ್ಟು ತಿಂಗಳು ಸ್ಲೇಟು ಒಡೆದದ್ದು, ಕೈ ಕಚ್ಚಿದ್ದು, ಎಲ್ಲವೂ ಭಯವಂತೆ ಅವ್ವ. ಅದರ ಹೆಸರು ಅವಳೇ ಹುಡುಕಿಕೊಂಡಳು. ನನಗೂ ಭಯವಾಗುತ್ತದೆ ಎಂದೆ. "ಅಂಗಾದ್ರೆ ನಾನು ಬಸ್ಸಿನ್ ತಂಕ ಬತ್ತೀನಿ" ಎಂದು ನನ್ನ ಚೀಲದ ಒಂದು ಕಿವಿ ಹಿಡಿದಳು. ಹನ್ನೊಂದರ ಬಸ್ಸಿಗೆ ಅವಳೇ ಹತ್ತಿಸಿದಳು. ಕೈ ಬೀಸಿದಳು, ಅಳಲಿಲ್ಲ. ನಾನು ಹುಣಸೂರು ಮುಟ್ಟುವವರೆಗೂ ಅಳುತ್ತಿದ್ದೆ, ದುಃಖಕ್ಕಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನಾಯ್ತವ್ವ ಎಂದಳು. "ನನ್ನ ಮಗಳು ನನ್ನನ್ನು ಕಳಿಸಿಕೊಟ್ಟಳು" ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಸಂಜೆಗೆ ಹನಗೋಡು ಸೇರಿದೆ. ಮಾರನೇ ದಿನ ಶಾಲೆಗೆ ಹೋದರೆ ಬಾಗಿಲಲ್ಲಿ ಮುತ್ತುಗದ ಎಲೆ ಮಡಿಸಿಟ್ಟಿತ್ತು, ಒಳಗೆ ಸುಟ್ಟ ಗೆಣಸು. ರಜದಲ್ಲಿ ನಾನು ಇರಲಿಲ್ಲವಲ್ಲ, ನನ್ನ ಪಾಲಂತೆ.

ವಿಮಲ


ಕಟ್ಟೆಮಳಲವಾಡಿ
24-10-1971

ವಿಮಲ,

ದೀಪಾವಳಿ ಆಯಿತು. ನಾನು ಬರೆಯಬೇಕೆಂದು ಕೂತರೆ ನಿನ್ನ ಮಗಳು ಕಾಗದ ಕಿತ್ತುಕೊಂಡು, "ನೀನು ಜಂಬದ್ದೇ ಬರೀತೀಯ, ನಾನು ಬರೀತೀನಿ" ಎಂದಳು. ನನಗೆ ಇಷ್ಟೇ ಜಾಗ ಬಿಟ್ಟಿದ್ದಾಳೆ. ಜಂಬ ಇನ್ನೂ ಹಾಗೇ ಇದೆ ಎಂದು ಮಾತ್ರ ತಿಳಿದುಕೋ.

ನಿನ್ನ ಅವ್ವ

ಅಮ್ಮ,

ನಾನು ಚೆನ್ನಾಗಿದ್ದೇನೆ. ಚಿಕ್ಕಬಸಪ್ಪ ಮಾವನ ಮಗಳು ಈಗ ನನ್ನ ಫ್ರೆಂಡು. ಹಬ್ಬಕ್ಕೆ ಕಜ್ಜಾಯ ಮಾಡಿದ್ದೆವು. ಮೊದಲ ದಿನ ನಿನಗೆ ಎಂದು ಪಾಯಸ ತೆಗೆದಿಟ್ಟೆ, ಹುಳಿಯಾಯಿತು, ಅಜ್ಜಿ ಬೈದರು. ಅದಕ್ಕೆ ಈಗ ಕಜ್ಜಾಯವನ್ನು ಡಬ್ಬಿಯಲ್ಲಿ ಹಾಕಿದ್ದೇನೆ. ಬಾಬು ಕೇಳಿದ, ಕೊಡಲಿಲ್ಲ. ಅವನದು ಅವನು ತಿಂದಿದ್ದಾನೆ.

ಬೇಗ ಬಾ ಅಂತ ಬರಿ ಎಂದು ಪುಟ್ಟಸ್ವಾಮಿ ಮಾಮ ಹೇಳಿದರು. ನಾನು ಬರೆಯುವುದಿಲ್ಲ. ಕರೆಯಬಾರದು. ಅಪ್ಪನ ಫೋಟೋ ಮುಂದೆ ಒಂದು ಕಜ್ಜಾಯ ಇಟ್ಟೆ, ಅದು ಎಡೆ. ಡಬ್ಬಿಯಲ್ಲಿರುವುದು ಎಡೆ ಅಲ್ಲ, ಪಾಲು. ನಿನ್ನ ರಜ ಬಂದಾಗ ನೀನೇ ಬಾ.

ಮಂಗಳ
3ನೇ ತರಗತಿ